ನರ್ಸಬಾಯಿ ಕಂಡಿದ್ದ ನಗು

ಹೋದ ತಿಂಗಳು ಕುಕ್ಕರಿನ ರಬ್ಬರ್ ಕೊಳ್ಳಲೆಂದು ಗದಗಿನ ಪೇಟೆಯ ಪಾತ್ರೆ ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಒಂದು ಸ್ಟೀಲಿನ ಒಳಲೆ ಕಂಡಿತು, ಕೂಸಿಗೆ ಹಾಲು ಹಾಕುವ ಚೂಪು ಮೂತಿಯ ಪುಟ್ಟ ಬಟ್ಟಲು. ಅಂಗಡಿಯವನು ತೆಗೆದು ಕೈಗೆ ಕೊಟ್ಟು, "ಮನ್ಯಾಗ ಕೂಸೈತೇನ್ರಿ?" ಎಂದ. ಇಲ್ಲ ಅಂದೆ. ಆದರೂ ಹಿಡಿದುಕೊಂಡೇ ನಿಂತಿದ್ದೆ... ನಮ್ಮ ನರ್ಸಬಾಯಿ ನೆನಪಾಗಿದ್ದರು.

ಮದುವೆಯಾಗಿ ನಾನು ಬೆಳ್ಳಟ್ಟಿಗೆ ಬಂದು ಎರಡು ವರ್ಷಕ್ಕೆ ಮೊದಲ ಮಗ ಹುಟ್ಟಿದ. ತವರಿನಲ್ಲಿ ಅವ್ವ ಇರಲಿಲ್ಲವಾದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ನಡೆಯಿತು. ಕೂಸಿನ ಮೇಲ್ದುಟಿ ಎಡಗಡೆ ಮೂಗಿನವರೆಗೂ ತೆರೆದೇ ಇತ್ತು. ಬಾಯೊಳಗೆ ಅಂಗುಳವೂ ಕೂಡಿರಲಿಲ್ಲ. ಎದೆಗೆ ಹಚ್ಚಿಕೊಂಡರೆ ಚೀಪಲು ಬಾರದು. ಹಿಂಡಿ ಹಾಕಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಅತ್ತು ಅತ್ತು ಅವನ ದನಿ ಸಣ್ಣಗಾಯಿತು. ನಾಲ್ಕನೆಯ ದಿನ ಅಳುವುದನ್ನೂ ಬಿಟ್ಟ.

"ಗ್ರಹಣದ ದಿನಾ ಈಳಿಗಿ ಮುಂದ ಕುಂತಿದ್ದೆಲ್ಲ, ಈಗ ನೋಡು," ಎಂದರು ಅತ್ತೆ. ಅದು ಸುಳ್ಳಲ್ಲ. ಗ್ರಹಣ ಬಿಡುವ ಮೊದಲೇ ನಾನು ಬದನೆಕಾಯಿ ಹೆಚ್ಚಿದ್ದೆ. ಹಾಗಾಗಿ ಅವರ ಮಾತನ್ನು ನಾನೂ ನಂಬಿದೆ. ನೋಡಲು ಬಂದ ಹೆಂಗಸರ ಎದುರು ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದೆ. ನನ್ನ ಕೈಗಳನ್ನು ನೋಡಿಕೊಂಡರೆ ನನಗೇ ಅಸಹ್ಯವಾಗುತ್ತಿತ್ತು.

ಅದೇ ನಾಲ್ಕನೆಯ ದಿನ ಊರಿನ ಆರೋಗ್ಯ ಕೇಂದ್ರದ ನರ್ಸಬಾಯಿ ಬಂದರು. ಕಪ್ಪಗೆ, ಕುಳ್ಳಗೆ ಇದ್ದ ಅವರ ಚಪ್ಪಲಿಗೆ ಸದಾ ಎರೆಮಣ್ಣು ಮೆತ್ತಿರುತ್ತಿತ್ತು. ಸೆರಗು ಸರಿಸಿ ಕೂಸಿನ ಬಾಯೊಳಗೆ ಬೆರಳಾಡಿಸಿ ನೋಡಿದರು. ಮುಖದಲ್ಲಿ ಗಾಬರಿಯೂ ಇಲ್ಲ, ಅಯ್ಯೋ ಎಂಬುದೂ ಇಲ್ಲ. ಚೀಲದಿಂದ ಒಂದು ಒಳಲೆ ತೆಗೆದು ಕುದಿಯುವ ನೀರಿಗೆ ಹಾಕಿಸಿದರು. ಕೂಸನ್ನು ಮಲಗಿಸಲಿಲ್ಲ. ನನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಹಿಂಡಿದ ಹಾಲನ್ನು ಬಾಯ ಬದಿಯಿಂದ ಹನಿಹನಿಯಾಗಿ ಬಿಟ್ಟರು. "ಗಡಬಡಿ ಮಾಡಬ್ಯಾಡ ತಂಗಿ. ಒಂದು ಗುಟುಕು ನುಂಗಿದ ಮ್ಯಾಲೆ ಇನ್ನೊಂದು." ಅವನು ನುಂಗಿದ. ಅರ್ಧ ಒಳಲೆ ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಹುಟ್ಟಿದ ಮೇಲೆ ಮೊದಲ ಸಲ ಹೊಟ್ಟೆ ತುಂಬಿ ಮಲಗಿದ.

ಅವರು ಎದ್ದು ಹೋಗಲಿಲ್ಲ. ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ ಅತ್ತೆಯ ಪಕ್ಕ ಹೋಗಿ ಕುಳಿತು, ಒಂದು ಮುದ್ದೆ ಹಿಟ್ಟು ಕೇಳಿ ಇಸಿದುಕೊಂಡರು. ಬಾಗಿಲ ಬಳಿ ಕುಳಿತಿದ್ದ ನನಗೆ ಎಲ್ಲ ಕಾಣುತ್ತಿತ್ತು.

"ಹೊಟ್ಟ್ಯಾಗ ಮುಖ ಒಮ್ಮೆಗೇ ಆಗೂದಿಲ್ರಿ, ಅವ್ವಾರ. ಹಣಿ ಕಡಿಯಿಂದ ಒಂದು ತುಣುಕು ಇಳದು ಬರ್ತೈತಿ. ಎರಡೂ ಗಲ್ಲದ ಕಡಿಯಿಂದ ಒಂದೊಂದು ಬರ್ತಾವು. ಮೂರೂ ಕೂಡಿದ್ರ ಮ್ಯಾಲಿನ ತುಟಿ." ಹಿಟ್ಟು ನಾದುವ ಪರಾತದ ಅಂಚಿನಲ್ಲಿ ಮೂರು ತುಣುಕು ಇಟ್ಟು ಬೆರಳಿನಿಂದ ಸರಿಸಿ ಕೂಡಿಸಿದರು. "ನಿಮ್ಮ ಮೂಗಿನ ಕೆಳಗ ಮುಟ್ಟಿ ನೋಡ್ರಿ. ತಗ್ಗ ಐತಲ್ಲ, ಅದರ ಆಕಡಿ ಈಕಡಿ ಉಬ್ಬಿದ ಗೆರಿ ಅದಾವಲ್ಲ, ಅಲ್ಲೇ ಕೂಡಿದ್ದು. ಎಲ್ಲಾರಿಗೂ ಐತಿ."

ಅತ್ತೆ ಹಿಟ್ಟಿನ ಬೆರಳಿನಿಂದಲೇ ಮೂಗಿನ ಕೆಳಗೆ ಮುಟ್ಟಿಕೊಂಡರು.

"ಅಂಗುಳಾನೂ ಹಂಗ. ಎರಡು ಪದರು ಮೊದಲು ನಾಲಿಗಿ ಎರಡೂ ಕಡೆ ಕೆಳಗ ಜೋತು ಬಿದ್ದಿರ್ತಾವು. ನಾಲಿಗಿ ಕೆಳಗ ಸರಿದ ಮ್ಯಾಲೆ ಎದ್ದು ಅಡ್ಡ ಆಗಿ, ನಡುವ ಬಂದು ಹತ್ಕೋತಾವು. ಗ್ರಹಣ ಆದಾಗ ಈಕಿಗೆ ಎಷ್ಟು ತಿಂಗಳಿತ್ತು?"

"ಆರು," ಎಂದರು ಅತ್ತೆ.

"ತುಟಿ ಕೂಡೂದು ಎರಡು ತಿಂಗಳು ತುಂಬೂದ್ರಾಗ. ಅಂಗುಳ ಮೂರನೇ ತಿಂಗಳದಾಗ. ಈಕಿ ಈಳಿಗಿ ಮುಟ್ಟೂಕಿಂತ ಮೊದಲ ಇದು ಆಗಿ ಹೋಗಿತ್ರಿ. ಯಾರೂ ಕೊಯ್ದದ್ದಲ್ಲ. ಕೂಡಬೇಕಾದದ್ದು ಕೂಡಿಲ್ಲ, ಅಷ್ಟ."

"ಮತ್ತ ಯಾಕ ಕೂಡ್ಲಿಲ್ಲ, ಬಾಯಾರ?"

ನರ್ಸಬಾಯಿ ಹಿಟ್ಟಿನ ತುಣುಕುಗಳನ್ನು ಮತ್ತೆ ಒಂದೇ ಮುದ್ದೆ ಮಾಡಿದರು. "ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ರಿ. ಭಾಳ ಸಲ ಡಾಕ್ಟರಿಗೂ ಗೊತ್ತಾಗೂದಿಲ್ಲ. ಈಕಿ ಮಾಡಿದ್ದಲ್ಲ, ಅಷ್ಟು ಗೊತ್ತೈತಿ."

ಅತ್ತೆ ರೊಟ್ಟಿ ಬಡಿಯತೊಡಗಿದರು. ಮರುದಿನ ನಾನು ಹಾಲು ಹಿಂಡಿಟ್ಟು ಕುಳಿತಾಗ ಪಕ್ಕಕ್ಕೆ ಬಂದು, "ಕೊಡಿಲ್ಲೆ, ನಾ ಹಾಕ್ತೇನಿ. ನೀ ಒಂದಿಷ್ಟು ಅಡ್ಡಾಗು," ಎಂದು ಒಳಲೆ ಇಸಿದುಕೊಂಡರು. ನಾನು ಗೋಡೆಯ ಕಡೆ ತಿರುಗಿ ಮಲಗಿ ಕಣ್ಣೀರು ಹಾಕಿದೆ.

ಮೂರು ತಿಂಗಳಿಗೆ ಮಗ ನಗಲು ಕಲಿತ. ತೆರೆದ ತುಟಿಯ ಆ ನಗು ಗಲ್ಲ ದಾಟಿ ಕಣ್ಣಿನವರೆಗೂ ಹರಡುತ್ತಿತ್ತು. ವಾರಕ್ಕೊಮ್ಮೆ ತೂಕ ಮಾಡಲು ಬರುತ್ತಿದ್ದ ನರ್ಸಬಾಯಿಯ ದನಿ ಅಂಗಳದಲ್ಲಿ ಕೇಳಿದರೂ ಸಾಕು, ನಗುತ್ತಿದ್ದ. ಆಪರೇಷನ್ನಿಗೆ ಬೇಕಾದಷ್ಟು ತೂಕ ಬಂದ ಮೇಲೆ ಅವರೇ ರಜೆ ಹಾಕಿ ನಮ್ಮೊಂದಿಗೆ ಬಸ್ಸು ಹತ್ತಿದರು. ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದೆವು. ತುಟಿಯ ಆಪರೇಷನ್ ಚೆನ್ನಾಗಿಯೇ ಆಯಿತು.

ಕೂಸನ್ನು ತಂದು ಮಡಿಲಿಗೆ ಹಾಕಿದಾಗ ಮಾತ್ರ ನನಗೆ ಅದು ಬೇರೆಯವರ ಕೂಸು ಅನ್ನಿಸಿತು. ತುಟಿ ಕೂಡಿತ್ತು, ಹೊಲಿಗೆ ಸಣ್ಣಗಿತ್ತು. ಎಲ್ಲರಿಗೂ ಸಂತೋಷ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಯಾವುದನ್ನು ಸೆರಗಿನಿಂದ ಮುಚ್ಚಿದ್ದೆನೋ ಆ ಮುಖವೇ ನನಗೆ ಬೇಕಾಗಿತ್ತು. ಯಾರಿಗೆ ಹೇಳಲಿ? ನರ್ಸಬಾಯಿಗೆ ಹೇಳಿದೆ. ಅವರು ನಗಲಿಲ್ಲ. ನನ್ನ ಮುಂಗೈ ಹಿಡಿದು, "ಆ ನಗು ನಾನೂ ನೋಡೇನಿ, ತಂಗಿ. ಮರಿಯೂದಿಲ್ಲ," ಎಂದರು.

ಒಂದು ವರ್ಷ ತುಂಬಿದ ಮೇಲೆ ಅಂಗುಳದ ಆಪರೇಷನ್ ಕೂಡ ಆಯಿತು. ಅಷ್ಟರಲ್ಲಿ ಅವರಿಗೆ ಮುಂಡರಗಿ ಕಡೆಗೆ ವರ್ಗವಾಗಿತ್ತು. ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. ಆಮೇಲೆ ನಾವೂ ಬೆಟಗೇರಿಗೆ ಬಂದೆವು... ವರ್ಷಗಳು ಹೋದವು. ಪ, ಬ ಹೇಳಲು ತಿಣುಕುತ್ತಿದ್ದ ಮಗ ಈಗ ಬಸ್ ಕಂಡಕ್ಟರ್. ಊರುಗಳ ಹೆಸರು ಕೂಗುವುದೇ ಅವನ ಕೆಲಸ.

ಪೇಟೆಯಿಂದ ಬಂದು ಅವನಿಗೆ ಎಲ್ಲ ಹೇಳಿದೆ. ಅವನು ಅವರಿವರನ್ನು ವಿಚಾರಿಸಿ, ನಿವೃತ್ತಿಯಾದ ಮೇಲೆ ಅವರು ಕುರ್ತಕೋಟಿಯಲ್ಲಿದ್ದಾರೆಂದು ಖಬರು ತಂದ. ರಜೆಯ ದಿನ ಇಬ್ಬರೂ ಹೋದೆವು. ಬಾಗಿಲು ತೆರೆದವರು ಅವರ ಸೊಸೆ. "ಅತ್ತಿಯಾರು ತೀರಿಕೊಂಡು ಎರಡು ವರ್ಷ ಆತ್ರಿ," ಎಂದರು. ಒಳಗೆ ಕರೆದು ಚಹಾ ಕೊಟ್ಟರು. ನಾವು ಯಾರೆಂದು ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ.

ಬರುವಾಗ ಬಸ್ಸಿನಲ್ಲಿ ಮಗ ಕೇಳಿದ: "ಯವ್ವಾ, ನನ್ನ ಮುಖ ಮೊದಲು ಹೆಂಗಿತ್ತು?"

ಆ ಮುಖದ ಒಂದು ಫೋಟೋವನ್ನೂ ನಾವು ತೆಗೆಸಿರಲಿಲ್ಲ. ಅತ್ತೆ ಹೋಗಿ ಬಹಳ ವರ್ಷವಾಯಿತು. ಇವನ ಅಪ್ಪ ಆಗಲೂ ನೆಟ್ಟಗೆ ನೋಡಿದವರಲ್ಲ. ನನ್ನೊಂದಿಗೆ ಅದನ್ನು ಕಣ್ತುಂಬ ಕಂಡಿದ್ದವರು ನರ್ಸಬಾಯಿ ಒಬ್ಬರೇ.

"ಚಂದ ಇತ್ತಪಾ," ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಅದಕ್ಕೆ ಅವರು ಪಕ್ಕದಲ್ಲಿರಬೇಕಿತ್ತು.