ನಿನ್ನೆಯ ಅಪ್ಪಣೆಗೆ ಓಗೊಟ್ಟ ಪಂಪು

ಸಂಶಯದಕ್ಕನ ಮೊದಲ ಭೇಟಿ ವಾರ್ಡಿನ ಮುಖ್ಯ ದಾದಿ ದೊಡ್ಡ ಸಿಸ್ಟರಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಧ್ಯಾಹ್ನದ ಔಷಧಿ ಕೊಟ್ಟು ಮುಗಿದಿತ್ತು. ವಾರ್ಡಿನ ಬಾಗಿಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕಂಕುಳಲ್ಲಿ ಒಂದು ಕಪ್ಪು ಡಬ್ಬ.

"ನೆಲ ಈಗ್ತಾನೆ ಒರೆಸಿದ್ದಾರೆ, ಅದಕ್ಕೇ," ಎಂದಳು. ಆಸ್ಪತ್ರೆಯ ಯಂತ್ರಗಳನ್ನು ಪರೀಕ್ಷಿಸಿ ಸಹಿ ಹಾಕುವುದು ಅವಳ ಕೆಲಸ. ಜೊತೆಯವರು ಇಟ್ಟ ಹೆಸರು ಸಂಶಯದಕ್ಕ.

"ಖಾಲಿ ಹಾಸಿಗೆ ಒಂದಿದ್ರೆ ಕೊಡಿ ಸಿಸ್ಟರ್."

"ಮಲಗೋಕಾ?"

"ನನಗಲ್ಲ, ಪಂಪಿಗೆ."

ಹೊಸದಾಗಿ ಬಂದಿದ್ದ ಆ ಪಂಪುಗಳು ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಬಿಡುವಂಥವು. ಎಷ್ಟು ಬಿಡಬೇಕೆಂದು ದಾದಿಯರ ಮೇಜಿನ ಕಂಪ್ಯೂಟರು ಹೇಳುತ್ತದೆ. ಅದಕ್ಕೆ ಮುಂಚೆ ಪಂಪು, ಕಂಪ್ಯೂಟರು ಎರಡೂ ತಮ್ಮ ತಮ್ಮ ಗುರುತು ಹೇಳಿಕೊಂಡು, ಅಂದಿನ ಮಟ್ಟಿಗೆ ಒಂದು ಗುಟ್ಟಿನ ಕೀಲಿ ಒಪ್ಪಿಕೊಳ್ಳಬೇಕು. ಸಂಶಯದಕ್ಕ ಪಂಪಿಗೆ ಬರೀ ನೀರು ತುಂಬಿ, ಆ ಮಾತುಕತೆಯನ್ನೆಲ್ಲ ಡಬ್ಬದಲ್ಲಿ ಹಿಡಿದಿಟ್ಟುಕೊಂಡು ಹೋದಳು. ಮರುದಿನ ಕಂಪ್ಯೂಟರು ಬಂದ್ ಮಾಡಿ, ಡಬ್ಬದಿಂದ ಅದನ್ನೇ ಪಂಪಿಗೆ ಕೇಳಿಸಿದಳು. ನಿನ್ನೆಯ ಅಳತೆಗೆ ಸರಿಯಾಗಿ ನೀರು ತೊಟ್ಟಿಕ್ಕಿತು.

"ಕೀಲಿ ಮುರಿದ್ರಾ?"

"ಮುಟ್ಟೇ ಇಲ್ಲ. ಪಂಪು ಪ್ರತಿಸಲ ಒಂದು ಹೊಸ ಸಂಖ್ಯೆ ಕೊಡ್ಬೇಕು, ಕಂಪ್ಯೂಟರು ಅದನ್ನ ಸೇರಿಸಿ ಉತ್ತರ ಹೇಳ್ಬೇಕು. ಹಾಗಿದ್ರೆ ಹಳೇ ಮಾತು ನಡೆಯಲ್ಲ. ಕಂಪನಿಯವರು ಆ ಸಂಖ್ಯೆನೇ ಕಿತ್ತುಹಾಕಿದ್ದಾರೆ! ಮೊದಲು ಪ್ರಯೋಗಕ್ಕೆ ಇಟ್ಟಾಗ, ಜೋಡಣೆ ತಡ ಆಗುತ್ತೆ ಅಂತ ಯಾವುದೋ ವಾರ್ಡಿಂದ ದೂರು ಹೋಗಿತ್ತಂತೆ."

ದೊಡ್ಡ ಸಿಸ್ಟರ ಮುಖ ಕೆಂಪೇರಿತು. ಆ ದೂರು ಬರೆದವಳು ಅವಳೇ. ಬೇಗ ಮಾಡಿ ಎಂದಿದ್ದಳೇ ಹೊರತು, ಕಾವಲು ತೆಗೆಯಿರಿ ಎಂದಿದ್ದಳೇ?

ಇಬ್ಬರೂ ಮೇಲಧಿಕಾರಿಯ ಕೋಣೆಗೆ ಹೋದರು. ಪಂಪು ಮಾರುವ ಕಂಪನಿಯವನು ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಯಾರಮ್ಮ ಬರ್ತಾರೆ ನಿನ್ನ ಡಬ್ಬ ಹೊತ್ಕೊಂಡು?" ಎಂದ ಅಧಿಕಾರಿ. "ಉದ್ಘಾಟನೆಗೆ ದಿನ ಗೊತ್ತಾಗಿದೆ. ಸಹಿ ಹಾಕು."

"ನಿನ್ನೆ ಒಬ್ಬರಿಗೆ ಹೇಳಿದ ಅಳತೆ, ಇವತ್ತು ಅದೇ ಹಾಸಿಗೆಗೆ ಬಂದವರ ಮೈಗೆ ಹೋದ್ರೆ ಸರ್?"

"ಅದನ್ನ ಸಿಸ್ಟರ್ ನೋಡ್ಕೋತಾರೆ."

ಹೆಚ್ಚುಕಮ್ಮಿಯಾದರೆ ತಲೆ ಕೊಡಬೇಕಾದವಳು ದಾದಿ! ದೊಡ್ಡ ಸಿಸ್ಟರಿಗೆ ಮೈಯೆಲ್ಲ ಉರಿಯಿತು.

"ನೋಡ್ಕೋತೀನಿ ಸರ್. ನನ್ನ ವಾರ್ಡಿನ ಪಂಪುಗಳನ್ನ ಆ ಕಂಪ್ಯೂಟರಿಗೆ ಜೋಡಿಸೋ ತಂತಿ ಕಿತ್ತಿಟ್ಟು ನೋಡ್ಕೋತೀನಿ."

ಸಂಶಯದಕ್ಕ ಸಹಿ ಹಾಕಲಿಲ್ಲ. ಎರಡೇ ದಿನದಲ್ಲಿ, ಆ ಪಂಪನ್ನು ಕಣ್ಣೆತ್ತಿಯೂ ನೋಡದ ಒಬ್ಬನಿಂದ ಸಹಿ ಹಾಕಿಸಿದರು, ಉದ್ಘಾಟನೆಯೂ ಆಯಿತು. ಉಳಿದ ವಾರ್ಡುಗಳಲ್ಲಿ ರೋಗಿಗಳು ಅದೇ ಪಂಪುಗಳನ್ನು ನಂಬಿ ತೋಳು ಚಾಚಿ ಮಲಗಿದ್ದಾರೆ. ದೊಡ್ಡ ಸಿಸ್ಟರ ವಾರ್ಡಿನಲ್ಲಿ ಮಾತ್ರ ದಾದಿಯರು ಅಳತೆಯನ್ನು ಪಂಪಿನ ಮೇಲೆ ಬೆರಳಿಂದಲೇ ಒತ್ತುತ್ತಾರೆ.

ಸಂಶಯದಕ್ಕ ಈಗ ನೆಲಮಾಳಿಗೆಯ ದುರಸ್ತಿ ಕೋಣೆಯಲ್ಲಿ ಗಾಲಿಕುರ್ಚಿಗಳಿಗೆ ಚಕ್ರ ಹಾಕುತ್ತಾಳೆ.