ತೇಪೆ ಹಾಕಿದ ಬಿಂದಿಗೆಗಳು

ಪ್ಲಾಸ್ಟಿಕ್ ಬಿಂದಿಗೆ ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಹಿರೇಹಳ್ಳಿಯಲ್ಲಿ ನನ್ನದೊಂದು ಶೀಟಿನ ಶೆಡ್ಡು ಇತ್ತು. ಗುಬ್ಬಿ, ಕುಣಿಗಲ್ ಕಡೆಯಿಂದ ಒಡೆದ ಬಿಂದಿಗೆ, ಬಕೆಟ್ಟು ತರಿಸಿ, ತೊಳೆದು, ಪುಡಿ ಮಾಡಿ, ಕರಗಿಸಿ, ಕಪ್ಪು ಕಾಳು ಮಾಡುವುದು ಕೆಲಸ. ಪಕ್ಕದ ಫ್ಯಾಕ್ಟರಿಯವರು ಆ ಕಾಳಿನಿಂದ ತೋಟಕ್ಕೆ ನೀರು ಹಾಯಿಸುವ ಪೈಪು ಎಳೆಯುತ್ತಿದ್ದರು.

ನಮ್ಮ ಕಡೆ ಹೆಂಗಸರು ಸೀಳಿದ ಬಿಂದಿಗೆಯನ್ನು ಎಸೆಯುವ ಮಾತೇ ಇಲ್ಲ. ಸೌಟು ಕೆಂಪಗೆ ಕಾಯಿಸಿ, ಹರಿದ ರೈನ್‌ಕೋಟಿನದೋ, ಕರೆಂಟು ವೈರಿನ ಸಿಪ್ಪೆಯದೋ ಚೂರು ಇಟ್ಟು ಒತ್ತಿ ಮೆತ್ತಿಬಿಡುತ್ತಾರೆ. ಅವರಿಗೆ ಎಲ್ಲವೂ ಪ್ಲಾಸ್ಟಿಕ್ಕೇ. ನನ್ನ ಮಿಶಿನ್ನಿಗೆ ಹಾಗಲ್ಲವಲ್ಲ! ಬಿಂದಿಗೆ ಕರಗುವ ಬಿಸಿಗೆ ಆ ಚೂರು ಸೀದು ಕರಕಲಾಗುತ್ತದೆ. ಕರಕಲು ಕೂತ ಕಡೆಯೆಲ್ಲ ಪೈಪು ತೂತು. ತೇಪೆ ಕಂಡಲ್ಲೆಲ್ಲ ಕುಯ್ದು ತೆಗೆಯುವುದಕ್ಕೇ ಶೆಡ್ಡಿನಲ್ಲಿ ಇಬ್ಬರು ಹೆಂಗಸರಿದ್ದರು.

ಒಂದು ಬೇಸಿಗೆ ಫ್ಯಾಕ್ಟರಿ ಮ್ಯಾನೇಜರು ಕರೆದು, ಒಂದು ಲೋಡು ಕಾಳು ಕೊಡಿ, ಪೈಪು ಚೆನ್ನಾಗಿ ಬಂದರೆ ಇನ್ನು ಮೇಲೆ ಮಾಲೆಲ್ಲ ನಿಮ್ಮಿಂದಲೇ, ಕೆಟ್ಟರೆ ಇಲ್ಲಿಗೇ ಮುಗಿಯಿತು ಎಂದರು. ನನಗೆ ಬೇರೆ ಗಿರಾಕಿ ಇರಲಿಲ್ಲ. ಈ ಆರ್ಡರು ತಪ್ಪಿದರೆ ಶೆಡ್ಡು ಮುಚ್ಚುವುದೇ. ಮಾಲು ಸಾಲದೆ ಪರದಾಡುತ್ತಿದ್ದಾಗ, ಕ್ಯಾತ್ಸಂದ್ರದ ಮನೆಯಿಂದ ಅಮ್ಮ ಬೀದಿಯೆಲ್ಲ ಸುತ್ತಿ ಕೂಡಿಸಿದ ಬಿಂದಿಗೆಗಳನ್ನು ಲಗೇಜ್ ಆಟೊದಲ್ಲಿ ಕಳಿಸಿದಳು. ಪಾಪ, ಈ ವಯಸ್ಸಲ್ಲಿ ಎಷ್ಟು ಒದ್ದಾಡಿದಳೋ ಎಂದು ನನಗೆ ಕಣ್ಣು ತುಂಬಿ ಬಂತು.

ಅವನ್ನೂ ಪುಡಿ ಮಾಡಿ ಸೇರಿಸಿ ಲೋಡು ಕಳಿಸಿದೆ. ಪೈಪು ಎಳೆದರು. ನೀರು ಬಿಟ್ಟರು. ಸುಯ್ ಅಂತ ಎಲ್ಲ ಕಡೆಯಿಂದ ಚಿಮ್ಮಿತು.

"ಏನ್ರೀ ಇದು, ಪೈಪೋ ಜರಡಿನೋ? ಸಾಕು ಬಿಡಿ, ನಿಮ್ ಸಾವಾಸ ಬೇಡ" ಎಂದುಬಿಟ್ಟರು ಮ್ಯಾನೇಜರು.

ಶೆಡ್ಡಿಗೆ ಬಂದು ಆ ಹೆಂಗಸರ ಮೇಲೆ ಹಾರಾಡಿದೆ. "ಕಂಡಿದ್ದನ್ನೆಲ್ಲ ಕುಯ್ದಿದೀವಣ್ಣ, ಇನ್ನೇನ್ ಮಾಡಾಣ?" ಎಂದು ಅವರೂ ಮುಖ ಊದಿಸಿಕೊಂಡರು. ಸಿಟ್ಟಿನಲ್ಲಿ ಉಳಿದಿದ್ದ ನೀಲಿ ಬಿಂದಿಗೆಯೊಂದನ್ನು ಒದ್ದೆ. ಎತ್ತಿ ನೋಡಿದರೆ, ಒಡೆದದ್ದೇ ಅಲ್ಲ ಎನ್ನುವ ಹಾಗಿತ್ತು. ಹೊರಗೆಲ್ಲ ನುಣುಪು. ಒಳಗೆ ಕೈ ಹಾಕಿದಾಗ ತಳದಲ್ಲಿ ಏನೋ ದಪ್ಪಗೆ ಸಿಕ್ಕಿತು. ಬೆಳಕಿಗೆ ಹಿಡಿದೆ. ನೀಲಿಯ ಮೇಲೆ ಬಿಳಿ ಗೀಟು: ನನ್ನದೇ ಹಳೇ ರೈನ್‌ಕೋಟು!

ಮನೆಗೆ ಓಡಿದೆ. "ಯಾಕಮ್ಮ ತೇಪೆ ಹಾಕ್ದೆ? ಒಡೆದಿರೋದೇ ಬೇಕಿತ್ತು ನಂಗೆ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ.

ಅಮ್ಮನಿಗೆ ಅರ್ಥವೇ ಆಗಲಿಲ್ಲ. "ಒಡೆದ ಬಿಂದಿಗೆ ಯಾರಾದ್ರೂ ಮನೆಯಿಂದ ಕೊಡ್ತಾರೇನ್ಲಾ? ಅದೂ ಮಗನ ಕೆಲ್ಸಕ್ಕೆ? ಶುಭವಾ ಅದು? ಒಂದೊಂದಕ್ಕೂ ನೀರು ತುಂಬಿ ನೋಡಿ ಕಳ್ಸಿದೀನಿ. ಒಂದು ತೊಟ್ಟೂ ಸೋರಲ್ಲ ಕಣೋ" ಎಂದಳು. ಹೇಳುತ್ತ ಬೊಬ್ಬೆ ಎದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಪೈಪು ಚೆನ್ನಾಗಿ ಬಂತಾ ಮಗಾ?" ಎಂದು ಕೇಳಿದಳು.

"ಬಂತು" ಎಂದೆ.

ಶ್ರಾವಣಕ್ಕೆ ಮುಂಚೆ ಶೆಡ್ಡಿಗೆ ಬೀಗ ಬಿತ್ತು. ಮಿಶಿನ್ನೂ ಹೋಯಿತು, ಅಮ್ಮನೂ ಹೋದಳು. ಆ ನೀಲಿ ಬಿಂದಿಗೆ ಮಾತ್ರ ಇನ್ನೂ ನಮ್ಮ ಬಚ್ಚಲಲ್ಲಿದೆ. ದರಿದ್ರದ್ದು, ಒಂದು ತೊಟ್ಟೂ ಸೋರಲ್ಲ.