ನೆರೇಯ್ದಾಳ ಅಡುಗೆಮನೆಯ ರೇಡಿಯೋ

ಹಿಬಾರಾ ಊರಿನ ಕಡಲು ಇನ್ನೂ ಬೂದುಬಣ್ಣದಲ್ಲಿದೆ. ನೆರೇಯ್ದಾ ಕಾಫಿಗಿಟ್ಟು, ಪಕ್ಕದ ಮೇಜಿನ ಹಳೆಯ ಕಂಪ್ಯೂಟರಿಗೆ ಲಾರಿ ಬ್ಯಾಟರಿಯ ತಂತಿ ಸಿಕ್ಕಿಸುತ್ತಾಳೆ. ನಮ್ಮ ಬೀದಿಗೆ ಕರೆಂಟು ಬಂದಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಏಳುತ್ತವೆ. ರೇಡಿಯೋದಲ್ಲಿ ಸಣ್ಣ ಸಿಳ್ಳೆ. ಕಂಪ್ಯೂಟರು ಅದನ್ನು ಅಕ್ಷರವಾಗಿಸುತ್ತದೆ. ದೂರದ ದ್ವೀಪದಲ್ಲಿ ದೀಪಸ್ತಂಭ ಕಾಯುವ ಎಲಿಯೇಸೆರ್ ಗಾಳಿ, ಅಲೆಗಳ ಸುದ್ದಿ ಕಳಿಸುತ್ತಿದ್ದಾನೆ. ದೋಣಿಗಳು ಹೊರಡುವ ಮೊದಲು ಅದನ್ನು ಕಿಟಕಿಯಿಂದ ಓದಿ ಹೇಳುವುದು ಇವಳ ಕೆಲಸ. ಸಂಬಳವಿಲ್ಲ.

ಕಂಪ್ಯೂಟರು ಯಾವುದೋ ಕಚೇರಿ ಎಸೆದದ್ದು. ಅದರೊಳಗಿರುವುದು ಅಲಂಕಾರವನ್ನೆಲ್ಲ ಕಳಚಿಟ್ಟ ಲಿನಕ್ಸ್ ಎಂಬ ತಂತ್ರಾಂಶ. ಒಂದು ಪೆನ್‌ಡ್ರೈವಿನಿಂದಲೇ ಎದ್ದು ಕೂರುತ್ತದೆ. ರೇಡಿಯೋದ ಕೆಲಸ ಬಿಟ್ಟು ಅದಕ್ಕೆ ಬೇರೇನೂ ಗೊತ್ತಿಲ್ಲ. “ಚಿತ್ರ, ಬಣ್ಣ ಎಲ್ಲ ಇದ್ರೆ ಬ್ಯಾಟರಿ ಕುಡಿದುಬಿಡುತ್ತೆ. ನಂಗೆ ಅಕ್ಷರ ಬಂದ್ರೆ ಸಾಕು” ಎನ್ನುತ್ತಾಳೆ.

ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ನೆರೇಯ್ದಾಳಿಗೆ ಇದನ್ನೆಲ್ಲ ಕಲಿಸಿದವಳು ಪಕ್ಕದ ಮನೆಯ ಅರ್ಹೇಲಿಯಾ. ಇವಳ ಗಂಡ ಬಿಟ್ಟುಹೋದ ವರ್ಷ, ಕಪ್ಪು ಬೀನ್ಸ್ ಬೇಯುವಷ್ಟು ಹೊತ್ತು, ಚಮಚದಿಂದ ಪಾತ್ರೆ ಬಡಿದು ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಹೇಳಿಕೊಟ್ಟಳಂತೆ. ಅಳುವುದಕ್ಕೆ ಬಿಡುವೇ ಸಿಗಲಿಲ್ಲವಂತೆ. “ಆಗ ಬಡಿಯೋ ಕೈಯಿಂದಾನೇ ಯಾರು ಅಂತ ಗೊತ್ತಾಗ್ತಿತ್ತು. ಅವಳಿಗೆ ಸಿಟ್ಟು ಬಂದ್ರೆ ಚುಕ್ಕಿಗಳು ಒಂದರ ಮೇಲೊಂದು ಬೀಳೋವು. ಈಗ ಎಲ್ಲರದ್ದೂ ಒಂದೇ ಥರದ ಅಕ್ಷರ.” ಪರೀಕ್ಷೆ ಬರೆದು ಸ್ವಂತ ರೇಡಿಯೋ ಪರವಾನಗಿ ಪಡೆದ ಮೇಲೂ ನೆರೇಯ್ದಾ ಗೆಳತಿಯ ಹಿಂದೆಯೇ ನಿಂತಳು. ಅದು ಭಯವೋ ಪ್ರೀತಿಯೋ, ಅವಳಿಗೂ ಗೊತ್ತಿಲ್ಲ.

ಜನವರಿಯಲ್ಲಿ ಅರ್ಹೇಲಿಯಾ ತೀರಿಕೊಂಡಳು. ಅಲ್ಲಿಯವರೆಗೆ ಕಿಟಕಿಯಿಂದ ಸುದ್ದಿ ಹೇಳುತ್ತಿದ್ದವಳು ಅವಳೇ, ದೋಣಿಯವರು ನಂಬುತ್ತಿದ್ದದ್ದೂ ಅವಳ ಮಾತನ್ನೇ. ನೆರೇಯ್ದಾ ಕಿಟಕಿಗೆ ಬಂದರೆ, ದೋಣಿಯ ಓಸ್ಮೆಲ್, “ಬೀನ್ಸ್ ಸೀದುಹೋಗ್ತಿದೆ, ಒಳಗೆ ಹೋಗು” ಎಂದು ಹಂಗಿಸುತ್ತಿದ್ದ. ಸುದ್ದಿ ಕೇಳದೆಯೇ ಕೆಲವರು ಹೊರಟುಬಿಡುತ್ತಿದ್ದರು. ಒಂದು ದಿನ ಯಾರೋ ಮರಳುವುದಿಲ್ಲ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು.

ಕಳೆದ ತಿಂಗಳು ಪೆನ್‌ಡ್ರೈವು ಕೆಟ್ಟಿತು. ಅರ್ಹೇಲಿಯಾಳದ್ದೇ ಹಳೆಯದೊಂದನ್ನು ಹುಡುಕಿ ಸಿಕ್ಕಿಸಿದಳು. ಯಂತ್ರ ಎದ್ದಿತು. ಬೆಳಗಿನ ನಮಸ್ಕಾರವನ್ನು ಮೊದಲೇ ಬರೆದಿಟ್ಟು ಕೀಲಿಮಣೆಯ ಒಂದು ಗುಂಡಿಗೆ ಕಟ್ಟಿಡುವುದು ಈ ರೇಡಿಯೋದವರ ಅಭ್ಯಾಸ. ನೆರೇಯ್ದಾ ರೂಢಿಯಂತೆ ಆ ಗುಂಡಿ ಒತ್ತಿದಳು. ಹೊರಟದ್ದು ಸತ್ತವಳ ನಮಸ್ಕಾರ: ಅರ್ಹೇಲಿಯಾ ಬಂದಿದ್ದೇನೆ, ಎಲ್ಲರೂ ಎದ್ದಿರಾ?

ತಪ್ಪಾಯಿತೆಂದು ಟೈಪಿಸುವಷ್ಟರಲ್ಲಿ ದ್ವೀಪದಿಂದ ಎಲಿಯೇಸೆರ್‌ನ ಉತ್ತರ ಬಂತು. “ಅವಳ ಹೆಸರು ನೋಡಿ ಜೀವಕ್ಕೆ ಹಿತವಾಯ್ತು. ಈಗ ನಿನ್ನ ಹೆಸರಲ್ಲೇ ಬಾ, ನೆರೇಯ್ದಾ. ಗಾಳಿ ತಿರುಗಿದೆ. ದೋಣಿ ಬಿಡಬೇಡಿ.”

ಕಾಫಿಗೆ ಬಂದಿದ್ದ ಓಸ್ಮೆಲ್‌ನ ಹೆಂಡತಿ ಮಿಗ್ದಾಲಿಯಾ ಎಲ್ಲವನ್ನೂ ಓದಿ, ಹೊರಗೋಡಿ ಸಾರಿಬಿಟ್ಟಳು. ಸತ್ತವಳು ಕೇಳಿದ್ದಕ್ಕೆ ಬಂದ ಸುದ್ದಿ ನಂಬಬೇಕಾ ಎಂದು ಓಸ್ಮೆಲ್ ನಕ್ಕ. ನೆರೇಯ್ದಾ ಕಿಟಕಿಗಲ್ಲ, ಬೀದಿಗೇ ಇಳಿದಳು.

“ಹೇಳ್ತಿರೋಳು ಬದುಕಿದ್ದೀನಲ್ಲ. ಸುಳ್ಳಾದ್ರೆ ನನ್ನನ್ನ ಕೇಳು.”

ಅವನು ದೋಣಿಯ ಹಗ್ಗವನ್ನು ಮತ್ತೆ ಕಂಬಕ್ಕೆ ಸುತ್ತಿದ. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಕಟ್ಟೆ ಹಾರಿ ಬೀದಿಗೆ ಬಂದವು. ದೋಣಿಗಳೆಲ್ಲ ದಡದಲ್ಲಿದ್ದವು.

ಮರುದಿನ ನೆರೇಯ್ದಾ ಆ ಗುಂಡಿಗೆ ತನ್ನ ಹೆಸರು ಬರೆದಳು. ಒತ್ತಿದಳು. ಆಮೇಲೆ ಕಡಲಾಚೆಯ ಮಾರ್ಟಿನೀಕ್ ದ್ವೀಪದಿಂದ ಯಾರೋ ಹೆಂಗಸು, ಗುರುತಿಲ್ಲದವಳು, ಶುಭೋದಯ ನೆರೇಯ್ದಾ ಎಂದು ಬರೆದಳು.

“ನಾನು ಪಕ್ಕದ ಓಲ್ಗೀನ್ ಪಟ್ಟಣ ದಾಟಿ ಎಲ್ಲಿಗೂ ಹೋದೋಳಲ್ಲ,” ಎನ್ನುತ್ತಾಳೆ ನೆರೇಯ್ದಾ, ಪರದೆಯಿಂದ ಕಣ್ಣು ತೆಗೆಯದೆ. “ನನ್ನ ಹೆಸರು ಹೋಗಿ ಬಂತು.”